ಎಡಿಟಿಂಗ್ ಪ್ರಾಜೆಕ್ಟ್ ತೆರೆಯುತ್ತಿಲ್ವಾ? ಮೊದಲು ಆ ಫೈಲಿನಿಂದ ಕೈ ತೆಗೆಯಿರಿ

ಪ್ರಾಜೆಕ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿದ್ದೀರಿ. ಲೋಡಿಂಗ್ ಅರ್ಧಕ್ಕೆ ಬಂದು ಅಲ್ಲೇ ನಿಂತಿದೆ. ಇಲ್ಲವೇ ಫೈಲ್ ಹಾಳಾಗಿದೆ, ತೆರೆಯಲು ಆಗುವುದಿಲ್ಲ ಅಂತ ಒಂದು ಮೆಸೇಜ್ ಬಂದು ಕೂತಿದೆ. ವಿಡಿಯೋ ಕೊಡಬೇಕಾದ ದಿನವೇ ಇದು ಆಗುವುದು, ಅದು ಬೇರೆ ಮಾತು. ಇಂಥ ಹೊತ್ತಲ್ಲಿ ಕೈ ಸುಮ್ನೆ ಇರುವುದಿಲ್ಲ. ಮತ್ತೆ ಮತ್ತೆ ತೆರೆದು ನೋಡುತ್ತೇವೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತೇವೆ, ಸಿಕ್ಕಿದ ಆಟೋಸೇವ್ (ಸಾಫ್ಟ್‌ವೇರ್ ತಾನೇ ಆಗಾಗ ಉಳಿಸಿಡುವ ಕಾಪಿ) ತೆರೆದು ಅದನ್ನೇ ಸೇವ್ ಮಾಡಿಬಿಡುತ್ತೇವೆ. ವಾಪಸ್ ತರಬಹುದಾಗಿದ್ದ ಕೆಲಸ ಪೂರ್ತಿ ಕೈತಪ್ಪುವುದು ಜಾಸ್ತಿ ಸಲ ಹೀಗೇ.

ಒಂದು ಸಮಾಧಾನ ಮೊದಲೇ ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಫೈಲ್ ಒಳಗೆ ನಿಮ್ಮ ಫುಟೇಜ್, ಅಂದರೆ ಶೂಟ್ ಮಾಡಿದ ವಿಡಿಯೋ, ಇರುವುದಿಲ್ಲ. ಯಾವ ಕ್ಲಿಪ್ ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಕತ್ತರಿಸಿದ್ದೀರಿ, ಯಾವ ಎಫೆಕ್ಟ್ ಹಾಕಿದ್ದೀರಿ ಅನ್ನುವ ಪಟ್ಟಿ ಅಷ್ಟೇ ಅದು. ಗಂಟೆಗಟ್ಟಲೆ ಫುಟೇಜ್ ಇರುವ ಕೆಲಸಕ್ಕೂ ಪ್ರಾಜೆಕ್ಟ್ ಫೈಲ್ ಕೆಲವು ಎಂಬಿ ಮಾತ್ರ ಇರುವುದು ಇದೇ ಕಾರಣಕ್ಕೆ. ಫೈನಲ್ ಕಟ್ ಪ್ರೊ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಸ್ವಲ್ಪ ಬೇರೆ, ಅದರ ಲೈಬ್ರರಿ (ಪ್ರಾಜೆಕ್ಟ್‌ಗಳನ್ನು ಇಡುವ ಫೈಲ್) ಒಳಗೇ ಮೀಡಿಯಾ, ಅಂದರೆ ಅಸಲಿ ವಿಡಿಯೋ ಆಡಿಯೋ ಕೂಡ ಇರಬಹುದು. ಹಾಗಾಗಿ ಆ ಲೈಬ್ರರಿಯನ್ನು ಡಿಲೀಟ್ ಮಾಡುವ ಯೋಚನೆ ಬೇಡವೇ ಬೇಡ.

ಮೊದಲ ಕೆಲಸ: ಕಾಪಿ

ಹಾಳಾದ ಫೈಲನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಜೊತೆಗೆ ಆಟೋಸೇವ್ ಫೋಲ್ಡರನ್ನೂ ಪೂರ್ತಿ ಕಾಪಿ ಮಾಡಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಆಟೋಸೇವ್‌ನಲ್ಲಿ ಇಷ್ಟೇ ಕಾಪಿಗಳು ಅಂತ ಒಂದು ಮಿತಿ ಇರುತ್ತದೆ, ಉದಾಹರಣೆಗೆ 20. ಇಪ್ಪತ್ತೊಂದನೆಯದು ಬಂದರೆ ಎಲ್ಲಕ್ಕಿಂತ ಹಳೆಯದು ಹೋಗುತ್ತದೆ. ಅಂದರೆ ಅರ್ಧಂಬರ್ಧ ತೆರೆದ ಪ್ರಾಜೆಕ್ಟನ್ನು ಇಟ್ಟುಕೊಂಡು ಒಂದೆರಡು ಗಂಟೆ ಒದ್ದಾಡಿದರೆ, ನಿಮಗೆ ಬೇಕಾದ ಒಳ್ಳೆಯ ಕಾಪಿಯನ್ನು ಸಾಫ್ಟ್‌ವೇರೇ ಅಳಿಸಿ ಅದರ ಜಾಗಕ್ಕೆ ಕೆಟ್ಟದ್ದನ್ನು ತುಂಬುತ್ತಾ ಹೋಗುತ್ತದೆ.

ಪ್ರಾಜೆಕ್ಟ್ ಏನಾದರೂ ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಫೋಲ್ಡರ್‌ನಲ್ಲಿ ಇದ್ದರೆ ಸಿಂಕ್ ನಿಲ್ಲಿಸಿ. ಇನ್ನು ಮುಂದೆ ಹೇಳುವುದೆಲ್ಲ ಕಾಪಿಯ ಮೇಲೆ ಮಾಡುವ ಪ್ರಯೋಗ.

ಫೈಲ್ ಸೈಜ್ ನೋಡಿ

ಅರ್ಧ ನಿಮಿಷದ ಕೆಲಸ ಇದು, ಆದರೆ ಎಷ್ಟೋ ವಿಷಯ ಹೇಳುತ್ತದೆ. ಹಾಳಾದ ಫೈಲಿನ ಸೈಜನ್ನು ಅದರ ಹಿಂದಿನ ಆಟೋಸೇವ್ ಜೊತೆ ಹೋಲಿಸಿ. ಸೊನ್ನೆ ಬೈಟ್ ಅಂತ ಇದ್ದರೆ ಒಳಗೆ ಏನೂ ಇಲ್ಲ, ಆ ಫೈಲಿನ ಆಸೆ ಬಿಟ್ಟು ನೇರ ಬ್ಯಾಕಪ್ ಹುಡುಕಿ. ಹಿಂದಿನದು 12 ಎಂಬಿ ಇದ್ದು ಇದು 3 ಎಂಬಿ ಇದ್ದರೆ, ಸೇವ್ ಆಗುವಾಗ ಮಧ್ಯದಲ್ಲೇ ನಿಂತಿರುವ ಸಾಧ್ಯತೆ ಜಾಸ್ತಿ: ಕರೆಂಟ್ ಹೋಗಿದೆ, ಡಿಸ್ಕ್ ತುಂಬಿದೆ, ಅಥವಾ ಇಜೆಕ್ಟ್ ಮಾಡದೆ ಡ್ರೈವ್ ಎಳೆದಿದ್ದಾರೆ.

ಸೈಜ್ ಸರಿಯಾಗಿದ್ದೂ ತೆರೆಯದಿದ್ದರೆ ಕಾಪಿಯನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಎಡಿಟರ್‌ನಲ್ಲಿ ತೆರೆಯಿರಿ. ಮೊದಲಿಂದ ಕೊನೆಯವರೆಗೆ ಬರೀ 'ನಲ್' ಅಂತಲೇ ತುಂಬಿದ್ದರೆ ಅದು ಕರೆಂಟ್ ಹೋದಾಗ ಆಗುವ ಗತಿ. ಫೈಲಿಗೆ ಅಂತ ಡಿಸ್ಕ್ ಜಾಗ ತೆಗೆದಿಟ್ಟಿದೆ, ಅದರೊಳಗೆ ಡೇಟಾ ಬರೆಯುವ ಮೊದಲೇ ಕಂಪ್ಯೂಟರ್ ಆಫ್ ಆಗಿದೆ. ಇದನ್ನು ಯಾವ ರಿಪೇರಿ ಟೂಲೂ ಸರಿ ಮಾಡುವುದಿಲ್ಲ, ಸರಿ ಮಾಡಲು ಒಳಗೆ ಏನಾದರೂ ಇರಬೇಕಲ್ಲ. ಅಂದ ಹಾಗೆ, ಪ್ರಾಜೆಕ್ಟ್ ರಿಪೇರಿ ಅಂತ ಹುಡುಕಿದಾಗ ಮೇಲೆ ಬರುವ ದುಡ್ಡಿನ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಎಂಪಿ4 ಥರದ ವಿಡಿಯೋ ಫೈಲ್ ಸರಿಪಡಿಸುವವು. ಪ್ರಾಜೆಕ್ಟ್ ಫೈಲಿಗೂ ಅವಕ್ಕೂ ಸಂಬಂಧ ಇಲ್ಲ. ಗಾಬರಿಯಲ್ಲಿ ದುಡ್ಡು ಕಟ್ಟಬೇಡಿ.

ಹಾಳಾಗಿರುವುದು ಫೈಲೇನಾ?

ನನ್ನ ಪ್ರಕಾರ ಎಲ್ಲರೂ ಹಾರಿಸಿಬಿಡುವ ಹಂತ ಇದು. ಪ್ರಾಜೆಕ್ಟ್ ತೆರೆಯುವಾಗ ಕ್ರ್ಯಾಶ್ ಆದ ಕೂಡಲೇ ಫೈಲ್ ಕರಪ್ಟ್ ಅಂತ ತೀರ್ಮಾನ ಮಾಡುತ್ತೇವೆ. ಆದರೆ ತಪ್ಪು ಒಂದು ಕೆಟ್ಟ ಕ್ಲಿಪ್‌ನದ್ದಿರಬಹುದು, ಪ್ಲಗಿನ್‌ದಿರಬಹುದು (ಹೊರಗಿನಿಂದ ಸೇರಿಸಿದ ಹೆಚ್ಚುವರಿ ಟೂಲ್), ಕ್ಯಾಶೆಯದ್ದಿರಬಹುದು (ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮಾಡಿಕೊಳ್ಳುವ ತಾತ್ಕಾಲಿಕ ಫೈಲ್), ಗ್ರಾಫಿಕ್ಸ್ ಡ್ರೈವರ್‌ದೂ ಇರಬಹುದು. ಫೈಲ್ ಚೆನ್ನಾಗೇ ಇರುತ್ತದೆ.

ಮೊದಲು ಖಾಲಿ ಹೊಸ ಪ್ರಾಜೆಕ್ಟ್ ತೆರೆಯಿರಿ. ಅದೂ ಬಿದ್ದರೆ ತೊಂದರೆ ಸಾಫ್ಟ್‌ವೇರ್ ಕಡೆ. ಪ್ರೀಮಿಯರ್ ಪ್ರೊ ಆದರೆ ಶುರು ಮಾಡುವಾಗ ಆಲ್ಟ್ ಒತ್ತಿ ಹಿಡಿದರೆ, ಮ್ಯಾಕ್‌ನಲ್ಲಿ ಆಪ್ಷನ್ ಕೀ ಹಿಡಿದರೆ, ಪ್ರಿಫರೆನ್ಸ್ ರೀಸೆಟ್ ಆಗುತ್ತದೆ. ಫೈನಲ್ ಕಟ್‌ನಲ್ಲಿ ಆಪ್ಷನ್ ಮತ್ತು ಕಮಾಂಡ್ ಎರಡೂ ಹಿಡಿಯಬೇಕು. ಖಾಲಿ ಪ್ರಾಜೆಕ್ಟ್ ಸರಿಯಾಗಿ ಬಂದರೆ ಬೇರೆ ಯಾವುದಾದರೂ ಹಳೆಯ ಪ್ರಾಜೆಕ್ಟ್ ತೆರೆದು ನೋಡಿ. ಅದೂ ಬಂತು, ಇದೊಂದೇ ಬರುತ್ತಿಲ್ಲ ಅಂದರೆ ಮೀಡಿಯಾ ಕ್ಯಾಶೆ ಅಳಿಸಿ ಮತ್ತೊಮ್ಮೆ ನೋಡಿ. ಕ್ಯಾಶೆ ಹೋದರೆ ನಷ್ಟ ಏನೂ ಇಲ್ಲ, ಸಾಫ್ಟ್‌ವೇರ್ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ. ವರ್ಷನ್ ಕೂಡ ಗಮನಿಸಿ. ಹೊಸ ವರ್ಷನ್‌ನಲ್ಲಿ ಸೇವ್ ಮಾಡಿದ್ದನ್ನು ಹಳೆಯದು ತೆರೆಯುವುದಿಲ್ಲ, ಕೆಲವು ಸಲ ಅದಕ್ಕೆ ಕೊಡುವ ಮೆಸೇಜ್ ಕೂಡ ಫೈಲೇ ಹಾಳಾದಂತೆ ಇರುತ್ತದೆ.

ಈಗ ನನಗೆ ತುಂಬ ಇಷ್ಟವಾದ ಉಪಾಯ. ಸಾಫ್ಟ್‌ವೇರ್ ಮುಚ್ಚಿ, ಫುಟೇಜ್ ಇರುವ ಫೋಲ್ಡರಿನ ಹೆಸರು ಬದಲಿಸಿ. 'ಫುಟೇಜ್' ಅಂತ ಇದ್ದರೆ 'ಫುಟೇಜ್ ಎಕ್ಸ್' ಮಾಡಿ. ಈಗ ಪ್ರಾಜೆಕ್ಟ್ ತೆರೆಯಿರಿ. ಕ್ಲಿಪ್ ಎಲ್ಲಿದೆ ಅಂತ ಕೇಳಿದರೆ ಎಲ್ಲವನ್ನೂ ಆಫ್‌ಲೈನ್ (ಸದ್ಯಕ್ಕೆ ಫೈಲ್ ಇಲ್ಲ) ಮಾಡಿ ಅನ್ನಿ. ಪ್ರಾಜೆಕ್ಟ್ ತೆರೆಯಿತಾ? ಟೈಮ್‌ಲೈನ್ ಪೂರ್ತಿ ಕೆಂಪಾಗಿ ಕಂಡರೂ ಕಟ್‌ಗಳೆಲ್ಲ ಜಾಗದಲ್ಲೇ ಇವೆಯಾ? ಹಾಗಾದರೆ ನಿಮ್ಮ ಪ್ರಾಜೆಕ್ಟ್ ಫೈಲಿಗೆ ಏನೂ ಆಗಿಲ್ಲ, ಯಾವುದೋ ಒಂದು ಕ್ಲಿಪ್ ಕೈಕೊಡುತ್ತಿದೆ.

ಅದು ಯಾವುದು ಅಂತ ಹುಡುಕಲು ಒಂದೊಂದೇ ಕ್ಲಿಪ್ ಜೋಡಿಸುತ್ತಾ ಕೂರಬೇಡಿ. ಮುಚ್ಚಿ, ಫೋಲ್ಡರಿಗೆ ಹಳೆಯ ಹೆಸರು ಕೊಟ್ಟು, ಅದರಲ್ಲಿ ಅರ್ಧ ಕ್ಲಿಪ್‌ಗಳನ್ನು ಬೇರೆ ಕಡೆ ಸರಿಸಿ ತೆರೆಯಿರಿ. ಕ್ರ್ಯಾಶ್ ಆದರೆ ಕಳ್ಳ ಒಳಗಿರುವ ಅರ್ಧದಲ್ಲಿದ್ದಾನೆ, ಆಗದಿದ್ದರೆ ಸರಿಸಿಟ್ಟ ಅರ್ಧದಲ್ಲಿ. ಮತ್ತೆ ಅದನ್ನು ಅರ್ಧ ಮಾಡಿ. ನೂರು ಕ್ಲಿಪ್ ಇದ್ದರೂ ಏಳು ಸುತ್ತಿನೊಳಗೆ ಸಿಗುತ್ತದೆ. ಸಿಗುವುದು ಹೆಚ್ಚಾಗಿ ಕ್ಯಾಮೆರಾ ಕಾರ್ಡ್‌ನಿಂದ ಪೂರ್ತಿ ಕಾಪಿ ಆಗದ ಫೈಲ್, ಫ್ರೇಮ್ ರೇಟ್ ಹೆಚ್ಚುಕಮ್ಮಿ ಆಗುವ ಫೋನ್ ಅಥವಾ ಸ್ಕ್ರೀನ್ ರೆಕಾರ್ಡಿಂಗ್, ಇಲ್ಲವೇ ಎಲ್ಲಿಂದಲೋ ಇಳಿಸಿದ ಆಡಿಯೋ. ಕಾರ್ಡ್ ಇನ್ನೂ ಇದ್ದರೆ ಆ ಕ್ಲಿಪ್ಪೊಂದನ್ನು ಮತ್ತೆ ಕಾಪಿ ಮಾಡಿ. ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಅಥವಾ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಕನ್ವರ್ಟರ್‌ನಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿ, ಪ್ರಾಜೆಕ್ಟಿನ ಕ್ಲಿಪ್ಪನ್ನು ಆ ಹೊಸ ಫೈಲಿಗೆ ಜೋಡಿಸಿ (ರೀಲಿಂಕ್).

ಮೀಡಿಯಾ ಇಲ್ಲದಿದ್ದರೂ ಬೀಳುತ್ತಿದೆ ಅಂದರೆ ಪ್ಲಗಿನ್ ಮೇಲೆ ಅನುಮಾನ ಪಡಿ. ಹೊರಗಿನ ಪ್ಲಗಿನ್‌ಗಳ ಫೋಲ್ಡರನ್ನು ತಾತ್ಕಾಲಿಕವಾಗಿ ಬೇರೆಡೆ ಇಟ್ಟು ತೆರೆಯಿರಿ. ಮೊನ್ನೆ ಮೊನ್ನೆ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆಗಿದ್ದರೆ ಅದನ್ನೂ ಹಿಂದಿನದಕ್ಕೆ ಇಳಿಸಿ ನೋಡಬಹುದು.

ಸಾಫ್ಟ್‌ವೇರೇ ಇಟ್ಟಿರುವ ಹಳೆಯ ಕಾಪಿಗಳು

ಇಷ್ಟಾದ ಮೇಲೂ ಬರದಿದ್ದರೆ ಫೈಲ್ ನಿಜಕ್ಕೂ ಕೆಟ್ಟಿದೆ ಅನ್ನಬಹುದು. ಆಗ ರಿಪೇರಿಗಿಂತ ಹಿಂದಿನ ಕಾಪಿ ಹುಡುಕುವುದೇ ಬೇಗ ಆಗುವ ಕೆಲಸ.

ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ಫೈಲ್ ಪಕ್ಕದಲ್ಲೇ ಆಟೋಸೇವ್ ಫೋಲ್ಡರ್ ಇರುತ್ತದೆ. ಅಲ್ಲಿನ ಫೈಲ್‌ಗಳ ಹೆಸರಿನಲ್ಲೇ ದಿನಾಂಕ, ಸಮಯ ಇದೆ. ಎಲ್ಲಕ್ಕಿಂತ ಹೊಸದರಿಂದ ಶುರು ಮಾಡಿ ಒಂದೊಂದೇ ಹಿಂದಕ್ಕೆ ಹೋಗಿ. ಆಫ್ಟರ್ ಎಫೆಕ್ಟ್ಸ್‌ನಲ್ಲೂ ಇಂಥದ್ದೇ ಆಟೋಸೇವ್ ಫೋಲ್ಡರ್ ಇರುತ್ತದೆ, ಅಲ್ಲಿ ಹೆಸರಿನಲ್ಲಿ ದಿನಾಂಕದ ಬದಲು ನಂಬರ್ ಇರುತ್ತದೆ. ತೆರೆದದ್ದನ್ನು ಕೂಡಲೇ ಹೊಸ ಹೆಸರಲ್ಲಿ, ಆಟೋಸೇವ್ ಫೋಲ್ಡರಿನ ಹೊರಗೆ ಸೇವ್ ಮಾಡಿ, ಆ ಫೋಲ್ಡರಿನ ಒಳಗೇ ಕೂತು ಎಡಿಟ್ ಮುಂದುವರಿಸಬೇಡಿ.

ಡಾವಿಂಚಿ ರಿಸಾಲ್ವ್‌ನ ಕಥೆ ಬೇರೆ. ಅಲ್ಲಿ ಪ್ರಾಜೆಕ್ಟ್ ಅನ್ನುವುದು ನಿಮ್ಮ ಫೋಲ್ಡರಿನಲ್ಲಿ ಕಾಣುವ ಫೈಲ್ ಅಲ್ಲ, ಪ್ರಾಜೆಕ್ಟ್ ಲೈಬ್ರರಿ ಅನ್ನುವ ಡೇಟಾಬೇಸ್ ಒಳಗೆ ಇರುತ್ತದೆ. ಪ್ರಾಜೆಕ್ಟ್ ಮ್ಯಾನೇಜರ್ ತೆರೆದು, ಆ ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪ್ರಾಜೆಕ್ಟ್ ಬ್ಯಾಕಪ್ಸ್ ಅಂತ ಸಿಗುತ್ತದೆ. ಬೇಕಾದ ಸಮಯದ್ದನ್ನು ಆರಿಸಿ, ಹೊಸ ಹೆಸರು ಕೊಟ್ಟು ತೆರೆಯಿರಿ. ಪ್ರಾಜೆಕ್ಟ್ ತೆರೆಯುತ್ತದೆ, ಆದರೆ ಒಂದು ಟೈಮ್‌ಲೈನ್ ಮಾತ್ರ ಕೆಟ್ಟಿದೆ ಅಂದರೆ, ಇತ್ತೀಚಿನ ವರ್ಷನ್‌ಗಳಲ್ಲಿ ಟೈಮ್‌ಲೈನ್ ಬ್ಯಾಕಪ್ ಬೇರೆಯೇ ಇದೆ, ಅದೊಂದನ್ನೇ ಹಿಂದಕ್ಕೆ ತರಬಹುದು.

ಫೈನಲ್ ಕಟ್‌ನಲ್ಲಿ ಫೈಲ್ ಮೆನು, ಓಪನ್ ಲೈಬ್ರರಿ, ಫ್ರಮ್ ಬ್ಯಾಕಪ್. ಈ ಬ್ಯಾಕಪ್‌ನಲ್ಲಿ ಡೇಟಾಬೇಸ್ ಮಾತ್ರ ಇರುತ್ತದೆ, ಮೀಡಿಯಾ ಇರುವುದಿಲ್ಲ. ಹಳೆಯ ಲೈಬ್ರರಿಯನ್ನು ಅಳಿಸಬೇಡಿ ಅಂತ ಮೇಲೆ ಹೇಳಿದ್ದು ಇದಕ್ಕೇ. ವೇಗಾಸ್ ಬಳಸುವವರು ಪ್ರಾಜೆಕ್ಟ್ ಫೈಲ್ ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ 'ಬ್ಯಾಕ್' ಅಂತ ಇರುವ ಫೈಲ್ ನೋಡಿ, ಕಾಪಿ ಮಾಡಿ ಹೆಸರಿನಿಂದ ಆ ಬಾಲ ತೆಗೆದರೆ ತೆರೆಯುತ್ತದೆ. ಕೆಡೆನ್‌ಲೈವ್‌ನಲ್ಲಂತೂ ಓಪನ್ ಬ್ಯಾಕಪ್ ಫೈಲ್ ಅಂತ ಮೆನುವಿನಲ್ಲೇ ಇದೆ.

ಆಟೋಸೇವ್‌ನಲ್ಲಿ ಏನೂ ಸಿಗದಿದ್ದರೆ ಆಪರೇಟಿಂಗ್ ಸಿಸ್ಟಂ ಕಡೆ ನೋಡಿ. ವಿಂಡೋಸ್‌ನಲ್ಲಿ ಫೋಲ್ಡರಿನ ಪ್ರಾಪರ್ಟೀಸ್ ಒಳಗೆ ಪ್ರೀವಿಯಸ್ ವರ್ಷನ್ಸ್ ಟ್ಯಾಬ್ ಇದೆ, ಫೈಲ್ ಹಿಸ್ಟರಿ ಅಥವಾ ರಿಸ್ಟೋರ್ ಪಾಯಿಂಟ್ ಮೊದಲೇ ಆನ್ ಇದ್ದರೆ ಮಾತ್ರ ಅಲ್ಲಿ ಏನಾದರೂ ಇರುತ್ತದೆ. ಮ್ಯಾಕ್‌ನಲ್ಲಿ ಟೈಮ್ ಮೆಷಿನ್. ಕ್ಲೌಡ್ ಫೋಲ್ಡರ್ ಆಗಿದ್ದರೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಆ ಫೈಲಿನ ವರ್ಷನ್ ಹಿಸ್ಟರಿ ತೆಗೆಯಿರಿ. ಗೂಗಲ್ ಡ್ರೈವ್ ಇಂಥ ಫೈಲ್‌ಗಳ ಹಳೆಯ ವರ್ಷನ್‌ಗಳನ್ನು ಸಾಮಾನ್ಯವಾಗಿ 30 ದಿನ ಇಟ್ಟಿರುತ್ತದೆ, ಆಮೇಲೆ ಅಳಿಸುತ್ತದೆ.

ಇಂಪೋರ್ಟ್ ಮಾಡಿ ನೋಡುವುದು

ಕೆಲವು ಸಲ ನೇರವಾಗಿ ತೆರೆಯದ ಪ್ರಾಜೆಕ್ಟ್ ಬೇರೆ ಪ್ರಾಜೆಕ್ಟಿನೊಳಗೆ ಇಂಪೋರ್ಟ್ ಆಗಿಬಿಡುತ್ತದೆ. ಪ್ರೀಮಿಯರ್‌ನಲ್ಲಿ ಖಾಲಿ ಪ್ರಾಜೆಕ್ಟ್ ಮಾಡಿ, ಫೈಲ್ ಮೆನುವಿನ ಇಂಪೋರ್ಟ್‌ನಿಂದ ಹಾಳಾದದ್ದನ್ನು ಒಳಗೆ ತನ್ನಿ. ಪೂರ್ತಿ ಬರದಿದ್ದರೆ ಮೀಡಿಯಾ ಬ್ರೌಸರ್‌ನಲ್ಲಿ ಅದೇ ಫೈಲನ್ನು ಬಿಚ್ಚಿ, ಒಂದೊಂದೇ ಸೀಕ್ವೆನ್ಸ್ (ಅಂದರೆ ಟೈಮ್‌ಲೈನ್) ಎಳೆದುಕೊಳ್ಳಿ. ಐದು ಸೀಕ್ವೆನ್ಸ್‌ನಲ್ಲಿ ನಾಲ್ಕು ಬಂದರೂ ಗೆದ್ದ ಹಾಗೆ, ಅಲ್ವಾ.

ಫೈಲಿನ ಒಳಗೆ ಇಣುಕುವುದು

ಇದು ಸ್ವಲ್ಪ ತಾಳ್ಮೆ ಇರುವವರಿಗೆ. ಪ್ರೀಮಿಯರ್ ಪ್ರಾಜೆಕ್ಟ್ ಅಂದರೆ ಜಿಜಿಪ್ ಮಾಡಿದ (ಒತ್ತಿ ಚಿಕ್ಕದಾಗಿಸಿದ) ಎಕ್ಸ್‌ಎಂಎಲ್, ಅಂದರೆ ಟ್ಯಾಗ್‌ಗಳಿಂದ ಕೂಡಿದ ಟೆಕ್ಸ್ಟ್ ಫೈಲ್, ಅಷ್ಟೇ. ಕಾಪಿಯ ಎಕ್ಸ್‌ಟೆನ್ಷನ್ (ಹೆಸರಿನಲ್ಲಿ ಚುಕ್ಕಿಯ ನಂತರದ ಭಾಗ) ತೆಗೆದು ಜಿಜೆಡ್ ಅಂತ ಕೊಟ್ಟು ಸೆವೆನ್ ಜಿಪ್‌ನಲ್ಲಿ ಬಿಚ್ಚಿ. ಸದ್ದಿಲ್ಲದೆ ಬಿಚ್ಚಿಕೊಂಡರೆ ಪ್ಯಾಕಿಂಗ್ ಸರಿ ಇದೆ. ಡೇಟಾ ಅರ್ಧಕ್ಕೆ ಮುಗಿದಿದೆ ಅಂತ ಎರರ್ ಬಂದರೆ ಸೇವ್ ಪೂರ್ತಿ ಆಗಿಲ್ಲ ಅನ್ನುವುದು ಖಚಿತ. ಹೊರಬಂದ ಫೈಲನ್ನು ವಿಎಸ್ ಕೋಡ್‌ನಂಥ ಎಡಿಟರ್‌ನಲ್ಲಿ ತೆರೆದು ಕಡೆಯ ಸಾಲಿಗೆ ಹೋಗಿ. ಅಲ್ಲಿ ಪ್ರೀಮಿಯರ್ ಡೇಟಾ ಅನ್ನುವ ಮುಚ್ಚುವ ಟ್ಯಾಗ್ ಇರಬೇಕು. ಅದು ಇಲ್ಲದೆ ಪದದ ಮಧ್ಯದಲ್ಲೇ ಸಾಲು ನಿಂತಿದ್ದರೆ ಬಾಲ ಕತ್ತರಿಸಿ ಹೋಗಿದೆ.

ಹಾಗಂತ ಸುಮ್ನೆ ಒಂದು ಟ್ಯಾಗ್ ಸೇರಿಸಿದರೆ ಪ್ರಾಜೆಕ್ಟಿಗೆ ಜೀವ ಬರುವುದು ಕಷ್ಟ. ಒಳಗಿನ ಪ್ರತಿಯೊಂದು ವಸ್ತುವಿಗೂ ಒಂದು ಐಡಿ ನಂಬರ್ ಇದೆ, ಒಂದು ಇನ್ನೊಂದನ್ನು ನಂಬರ್ ಹಿಡಿದು ಕರೆಯುತ್ತದೆ. ಕರೆದದ್ದು ಕಳೆದುಹೋದ ಭಾಗದಲ್ಲಿದ್ದರೆ ಮತ್ತೆ ಎರರ್. ಇದೇ ಕಾರಣಕ್ಕೆ ಪ್ರೀಮಿಯರ್ ಫೈಲಿನಿಂದ ಒಂದು ಎಫೆಕ್ಟನ್ನು ಕೈಯಾರೆ ಅಳಿಸುವುದೂ ರಿಸ್ಕ್. ಆದರೂ ಇಣುಕಿದ್ದು ದಂಡ ಅಲ್ಲ. ಯಾವ ಫೈಲ್‌ಗಳನ್ನು ಬಳಸಿದ್ದೀರಿ, ಟೈಟಲ್‌ಗಳಿಗೆ ಏನು ಹೆಸರು ಕೊಟ್ಟಿದ್ದೀರಿ ಅನ್ನುವುದೆಲ್ಲ ಅಲ್ಲಿ ಓದಲು ಸಿಗುತ್ತದೆ, ಮತ್ತೆ ಕಟ್ಟುವಾಗ ಅದು ದೊಡ್ಡ ಸಹಾಯ. ಇನ್ನೊಂದು ಉಪಯೋಗ ಇದೆ: ತೊಂದರೆ ಬರೀ ವರ್ಷನ್‌ದಾಗಿದ್ದರೆ, ಮೇಲ್ಗಡೆ ಪ್ರಾಜೆಕ್ಟ್ ಅನ್ನುವ ಟ್ಯಾಗ್‌ನಲ್ಲಿರುವ ವರ್ಷನ್ ನಂಬರನ್ನು 1 ಮಾಡಿ ಸೇವ್ ಮಾಡಿ, ಎಕ್ಸ್‌ಟೆನ್ಷನ್ ಮೊದಲಿನಂತೆ ಕೊಡಿ. ಮತ್ತೆ ಜಿಪ್ ಮಾಡುವುದೂ ಬೇಕಿಲ್ಲ. ಹಳೆಯ ಪ್ರೀಮಿಯರ್ ಅದನ್ನು ಹೆಚ್ಚಾಗಿ ತೆರೆಯುತ್ತದೆ, ಹೊಸ ವರ್ಷನ್‌ನ ಎಫೆಕ್ಟ್‌ಗಳು ಬಿಟ್ಟುಹೋಗಬಹುದು.

ಕೆಡೆನ್‌ಲೈವ್, ಶಾಟ್‌ಕಟ್ ಫೈಲ್‌ಗಳು ಬಿಚ್ಚುವ ಅಗತ್ಯವೂ ಇಲ್ಲದ ನೇರ ಎಕ್ಸ್‌ಎಂಎಲ್. ಅಲ್ಲಿ ತೊಂದರೆ ಕೊಡುವ ಫಿಲ್ಟರನ್ನು ತೆರೆಯುವ ಟ್ಯಾಗ್‌ನಿಂದ ಮುಚ್ಚುವ ಟ್ಯಾಗ್‌ವರೆಗೆ ಪೂರ್ತಿ ತೆಗೆದರೆ ಪ್ರಾಜೆಕ್ಟ್ ಎದ್ದು ಕೂರುವುದುಂಟು.

ಡಿಲೀಟ್ ಆಗಿದ್ದರೆ, ಡಿಸ್ಕೇ ಕೈಕೊಟ್ಟಿದ್ದರೆ

ಆ ಡ್ರೈವ್ ಮೇಲೆ ಇನ್ನೇನೂ ಬರೆಯಬೇಡಿ, ರಿಕವರಿ ಸಾಫ್ಟ್‌ವೇರನ್ನೂ ಅದಕ್ಕೆ ಇನ್‌ಸ್ಟಾಲ್ ಮಾಡಬೇಡಿ. ರೆಕುವಾ, ಫೋಟೋರೆಕ್ ಎರಡೂ ಉಚಿತವಾಗಿ ಸಿಗುತ್ತವೆ. ಫೋಟೋರೆಕ್‌ನಲ್ಲಿ ಫೈಲಿನ ಹೆಸರು ಉಳಿಯುವುದಿಲ್ಲ, ಪ್ರೀಮಿಯರ್ ಪ್ರಾಜೆಕ್ಟ್ ಬರೀ ಜಿಜೆಡ್ ಅಂತ ಸಿಗಬಹುದು, ಹಾಗಾಗಿ ಸೈಜ್ ನೋಡಿ ಹುಡುಕಬೇಕು. ಹಾರ್ಡ್ ಡಿಸ್ಕ್ ಆದರೆ ಒಳ್ಳೆಯ ಅವಕಾಶ ಇದೆ. ಎಸ್‌ಎಸ್‌ಡಿ ಆದರೆ ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೇ ಖಾಲಿ ಮಾಡಿಬಿಡುತ್ತದೆ, ಆಸೆ ಕಡಿಮೆ. ಡ್ರೈವ್ ಟಕ್ ಟಕ್ ಅನ್ನುತ್ತಿದ್ದರೆ ಚೆಕ್ ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ ಟೂಲ್) ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿಗೆ ಅದು ಇನ್ನಷ್ಟು ಕೆಲಸ ಕೊಡುತ್ತದೆ. ಮೊದಲು ಪೂರ್ತಿ ಡ್ರೈವಿನ ಇಮೇಜ್, ಅಂದರೆ ತದ್ರೂಪು ಕಾಪಿ, ತೆಗೆಸಿ, ಮಿಕ್ಕಿದ್ದು ಆಮೇಲೆ.

ಏನೂ ಸಿಗಲಿಲ್ಲ ಅಂದರೆ

ನೋಡಲಿ ಅಂತ ಯಾರಿಗಾದರೂ ಕಳಿಸಿದ್ದ ಡ್ರಾಫ್ಟ್ ವಿಡಿಯೋ ಇದೆಯಾ? ವಾಟ್ಸಾಪ್‌ನಲ್ಲಿ ಹೋದ ಚಿಕ್ಕ ಸೈಜಿನದ್ದಾದರೂ ಸರಿ. ಪ್ರೀಮಿಯರ್‌ನಲ್ಲಿ ಸೀನ್ ಎಡಿಟ್ ಡಿಟೆಕ್ಷನ್, ರಿಸಾಲ್ವ್‌ನಲ್ಲಿ ಸೀನ್ ಕಟ್ ಡಿಟೆಕ್ಷನ್ ಅಂತ ಇದೆ. ಆ ಡ್ರಾಫ್ಟನ್ನು ಟೈಮ್‌ಲೈನ್‌ಗೆ ಹಾಕಿ ಇದನ್ನು ಓಡಿಸಿದರೆ ನೀವು ಎಲ್ಲೆಲ್ಲಿ ಕಟ್ ಮಾಡಿದ್ದೀರೋ ಅಲ್ಲಲ್ಲೇ ಅದು ಕತ್ತರಿಸಿಕೊಡುತ್ತದೆ. ಅದನ್ನು ಮೇಲಿನ ಟ್ರ್ಯಾಕ್‌ನಲ್ಲಿ ಲಾಕ್ ಮಾಡಿ, ಅಪಾಸಿಟಿ ಅರ್ಧಕ್ಕೆ ಇಳಿಸಿ, ಕೆಳಗೆ ಅಸಲಿ ಕ್ಲಿಪ್‌ಗಳನ್ನು ತಾಳೆ ನೋಡುತ್ತಾ ಜೋಡಿಸಿ. ಯೋಚನೆ ಮಾಡುವ ಕೆಲಸ ಆಗಲೇ ಮುಗಿದಿರುವುದರಿಂದ ಮೊದಲ ಸಲದಷ್ಟು ಹೊತ್ತು ಹಿಡಿಯುವುದಿಲ್ಲ.

ಮುಂದೆ ಹೀಗಾಗದ ಹಾಗೆ

ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ ಫೈಲಿನ ಮೇಲೆ ವಾರಗಟ್ಟಲೆ ಸೇವ್ ಮಾಡದಿರುವುದು. ದಿನ ಶುರು ಮಾಡುವಾಗ ಸೇವ್ ಆ್ಯಸ್ ಕೊಟ್ಟು ಹೆಸರಿನ ಕೊನೆಗೆ 01, 02, 03 ಅಂತ ಹಾಕುತ್ತಾ ಹೋಗಿ. ದೊಡ್ಡ ಬದಲಾವಣೆಗೆ ಮೊದಲೂ ಒಂದು. ಕೆಲವು ಎಂಬಿಯ ಫೈಲ್, ಐವತ್ತು ಇಟ್ಟರೂ ಜಾಗದ ಚಿಂತೆ ಇಲ್ಲ. ಇದೊಂದು ಅಭ್ಯಾಸ ಇದ್ದರೆ ಈ ಬರಹದ ಮುಕ್ಕಾಲು ಭಾಗ ನಿಮಗೆ ಬೇಕಾಗುವುದೇ ಇಲ್ಲ. ಆಟೋಸೇವ್ ಇದಕ್ಕೆ ಬದಲಿ ಅಲ್ಲ. ಅದನ್ನು ಐದು ನಿಮಿಷಕ್ಕೆ ಇಟ್ಟು, ಕಾಪಿಗಳ ಸಂಖ್ಯೆಯನ್ನೂ ಜಾಸ್ತಿ ಮಾಡಿ. ಐದು ನಿಮಿಷಕ್ಕೊಂದರಂತೆ 20 ಕಾಪಿ ಅಂದರೆ ಬರೀ ನೂರು ನಿಮಿಷದ ಇತಿಹಾಸ. ಬೆಳಗ್ಗೆ ಕೆಟ್ಟದ್ದು ಸಂಜೆ ಗೊತ್ತಾದರೆ ಅಷ್ಟರಲ್ಲಿ ಒಳ್ಳೆಯವೆಲ್ಲ ಹೋಗಿರುತ್ತವೆ.

ಪ್ರಾಜೆಕ್ಟ್ ಫೈಲ್ ಒಂದು ಡಿಸ್ಕಿನಲ್ಲಿದ್ದರೆ ಅದರ ಕಾಪಿ ಇನ್ನೊಂದರಲ್ಲಿ ಇರಲಿ. ಅದೇ ಡಿಸ್ಕಿನ ಇನ್ನೊಂದು ಫೋಲ್ಡರ್ ಬ್ಯಾಕಪ್ ಅಲ್ಲ. ರಿಸಾಲ್ವ್ ಬಳಸುವವರು ಇದನ್ನು ಎರಡು ಸಲ ಓದಿಕೊಳ್ಳಿ: ಫುಟೇಜ್ ಎಲ್ಲ ಹೊರಗಿನ ಡ್ರೈವ್‌ನಲ್ಲಿದ್ದರೂ ಪ್ರಾಜೆಕ್ಟ್ ಲೈಬ್ರರಿ ಹೆಚ್ಚಾಗಿ ಸಿಸ್ಟಂ ಡ್ರೈವ್‌ನಲ್ಲೇ ಇರುತ್ತದೆ. ವಿಂಡೋಸ್ ಫಾರ್ಮ್ಯಾಟ್ ಮಾಡಿದರೆ ಫುಟೇಜ್ ಉಳಿಯುತ್ತದೆ, ಎಡಿಟ್ ಎಲ್ಲ ಹೋಗುತ್ತದೆ. ಪ್ರಿಫರೆನ್ಸ್‌ನ ಯೂಸರ್ ಟ್ಯಾಬ್‌ನಲ್ಲಿ ಪ್ರಾಜೆಕ್ಟ್ ಸೇವ್ ಆ್ಯಂಡ್ ಲೋಡ್ ಅಂತ ಇದೆ. ಅಲ್ಲಿ ಲೈವ್ ಸೇವ್, ಪ್ರಾಜೆಕ್ಟ್ ಬ್ಯಾಕಪ್ ಎರಡಕ್ಕೂ ಟಿಕ್ ಹಾಕಿ, ಬ್ಯಾಕಪ್ ಜಾಗವನ್ನು ಬೇರೆ ಡ್ರೈವ್‌ಗೆ ಬದಲಿಸಿ. ಆಗಾಗ ಪ್ರಾಜೆಕ್ಟನ್ನು ಡಿಆರ್‌ಪಿ (ರಿಸಾಲ್ವ್‌ನ ಪ್ರಾಜೆಕ್ಟ್) ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಎತ್ತಿಡಿ.

ಪೆನ್‌ಡ್ರೈವ್ ಮೇಲೆ ನೇರವಾಗಿ ಎಡಿಟ್ ಬೇಡ. ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನ ಡ್ರೈವ್‌ಗಳಿಗೆ ಜರ್ನಲಿಂಗ್ (ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ವ್ಯವಸ್ಥೆ) ಇಲ್ಲ, ಬರೆಯುತ್ತಿರುವಾಗ ಕೇಬಲ್ ಸಡಿಲವಾದರೆ ಎನ್‌ಟಿಎಫ್‌ಎಸ್‌ನಂತೆ ಸುಧಾರಿಸಿಕೊಳ್ಳುವುದಿಲ್ಲ. ಡಿಸ್ಕ್ ತುಂಬಲು ಬಿಡಬೇಡಿ, ರೆಂಡರ್ ಫೈಲ್‌ಗಳು ಸದ್ದಿಲ್ಲದೆ ಜಾಗ ತಿಂದು ಕೊನೆಗೆ ಸೇವ್ ಮಾಡಲು ಜಾಗ ಇಲ್ಲದ ಸ್ಥಿತಿ ಬರುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಯುಪಿಎಸ್ ಇರಲಿ. ಲೈವ್ ಸಿಂಕ್ ಆಗುವ ಕ್ಲೌಡ್ ಫೋಲ್ಡರಿನೊಳಗೆ ಕೂತು ಎಡಿಟ್ ಮಾಡುವುದಕ್ಕಿಂತ, ಕೆಲಸ ಮುಗಿದ ಮೇಲೆ ಪ್ರಾಜೆಕ್ಟನ್ನು ಅಲ್ಲಿಗೆ ಕಾಪಿ ಮಾಡುವುದು ವಾಸಿ. ಅರ್ಧ ಎಡಿಟ್ ಆದ ಪ್ರಾಜೆಕ್ಟ್ ಕೈಯಲ್ಲಿರುವಾಗ ಸಾಫ್ಟ್‌ವೇರ್ ಅಪ್‌ಗ್ರೇಡ್ ಬೇಡ, ಹೊಸ ವರ್ಷನ್‌ನ ಆಸೆ ಡೆಲಿವರಿ ಆದ ಮೇಲೆ ತೀರಿಸಿಕೊಳ್ಳಬಹುದು. ಕಟ್ ಅಂತಿಮ ಆದ ದಿನ ಒಂದು ಎಕ್ಸ್‌ಎಂಎಲ್ ಕೂಡ ಎಕ್ಸ್‌ಪೋರ್ಟ್ ಮಾಡಿಡಿ. ಎಫೆಕ್ಟ್‌ಗಳಲ್ಲಿ ಎಷ್ಟೋ ಬಿಟ್ಟುಹೋಗುತ್ತವೆ, ಆದರೆ ಕಟ್‌ಗಳು ಉಳಿಯುತ್ತವೆ, ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯಬಹುದು.

ಫೋನಿನಲ್ಲಿ ಕ್ಯಾಪ್‌ಕಟ್‌ನಂಥ ಆ್ಯಪ್ ಬಳಸುವವರಿಗೆ ಒಂದೇ ಎಚ್ಚರಿಕೆ. ಡ್ರಾಫ್ಟ್ ಇರುವುದು ಆ್ಯಪ್ ಒಳಗೆ. ಆ್ಯಪ್ ಸರಿಯಾಗಿ ನಡೆಯುತ್ತಿಲ್ಲ ಅಂತ ಅನ್‌ಇನ್‌ಸ್ಟಾಲ್ ಮಾಡಿದರೆ ಅಥವಾ ಸೆಟ್ಟಿಂಗ್ಸ್‌ನಲ್ಲಿ ಕ್ಲಿಯರ್ ಡೇಟಾ ಒತ್ತಿದರೆ ಡ್ರಾಫ್ಟ್‌ಗಳೂ ಅದರ ಜೊತೆಗೇ ಹೋಗುತ್ತವೆ. ಕ್ಲಿಯರ್ ಕ್ಯಾಶೆ ಬೇರೆ, ಕ್ಲಿಯರ್ ಡೇಟಾ ಬೇರೆ. ಎರಡೂ ಬಟನ್ ಒಂದೇ ಕಡೆ ಇರುತ್ತವೆ, ಓದಿ ಒತ್ತಿ.